ಬೆಲೆ ತೆರದ ಅದ್ಭುತ

ಕಾದಂಬರಿಯೊಂದನ್ನು ಓದಿ ಮುಗಿಸಿದ ವಾಚಕನು ಅದನ್ನು ಮೆಚ್ಚಬಹುದು, ಇಲ್ಲವೆ ತಿರಸ್ಕರಿಸಬಹುದು. ಈ ಎರಡಕ್ಕೂ ನಮ್ಮ ವಿಮರ್ಶೆಯಲ್ಲಿ ಬೇಕಾದಷ್ಟು ಮಾತುಗಳಿವೆ. ಇವೆರಡರ ನಡುವೆ ನಿಲ್ಲುವ ಮೂರನೆಯ ಅನುಭವವೊಂದಿದೆ, ಅದು ನಿರಾಶೆ. ಅದಕ್ಕೆ ಮಾತ್ರ ನಾವು ಸಲ್ಲಬೇಕಾದಷ್ಟು ಗಮನ ಸಲ್ಲಿಸಿಲ್ಲ. ತೀರ ಕೆಟ್ಟ ಪುಸ್ತಕವು ಯಾರನ್ನೂ ನಿರಾಶೆಗೊಳಿಸುವುದಿಲ್ಲ. ಹತ್ತು ಪುಟ ಓದಿ ಅದನ್ನು ಕೆಳಗಿಡುತ್ತೇವೆ, ಮರುದಿನಕ್ಕೆ ಮರೆಯುತ್ತೇವೆ. ನಿರಾಶೆಗೊಳಿಸುವ ಶಕ್ತಿ ಇರುವುದು ಮೊದಲು ಆಸೆಯನ್ನು ಹುಟ್ಟಿಸಿದ ಪುಸ್ತಕಕ್ಕೆ. ಯಾವುದೋ ಒಂದು ಮಾತನ್ನು ಕೊಟ್ಟು, ನಮ್ಮನ್ನು ಕೈಹಿಡಿದು ಅರ್ಧ ದಾರಿ ನಡಸಿ, ಆಮೇಲೆ ಕೊಟ್ಟ ಮಾತನ್ನು ನಡಸದೆ ಹೋದ ಕೃತಿ ಅದು. ಆದಕಾರಣ ನಿರಾಶೆಯಲ್ಲಿ ಒಂದು ತೀರ್ಪು ಅಡಗಿರುತ್ತದೆ. ಪುಸ್ತಕ ಏನಾಗಬಹುದಾಗಿತ್ತು, ಏಕೆ ಆಗಲಿಲ್ಲ ಎಂಬ ಎರಡು ಪ್ರಶ್ನೆಗಳು ಅದರೊಳಗೆ ಇರುತ್ತವೆ. ಅಂಥ ಒಂದು ನಿರಾಶೆಯನ್ನು ಸ್ವಲ್ಪ ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ.

ಇಂಗ್ಲಿಷಿನಲ್ಲಿ ಈಚೆಗೆ ಒಂದು ಜಾತಿಯ ಕಾದಂಬರಿ ಬಹಳ ಪ್ರಚಾರಕ್ಕೆ ಬಂದಿದೆ. ಮಾಯೆ, ಶಾಪ, ಅಮಾನುಷ ಜನಾಂಗಗಳು, ಭೂಪಟದಲ್ಲಿ ಇಲ್ಲದ ರಾಜ್ಯಗಳು. ಇವುಗಳ ನಟ್ಟನಡುವೆ ಒಂದು ಪ್ರಣಯ. ಅದ್ಭುತ ಮತ್ತು ಪ್ರಣಯಗಳನ್ನು ಕೂಡಿಸಿದ ಈ ಬಗೆಗೆ ಅವರು ‘ರೊಮಾಂಟಸಿ’ ಎಂದು ಹೆಸರಿಟ್ಟಿದ್ದಾರೆ. ೨೦೨೪ರಲ್ಲಿ ಆಕ್ಸ್‌ಫರ್ಡ್ ನಿಘಂಟಿನವರು ವರ್ಷದ ಪದವನ್ನು ಆರಿಸುವುದಕ್ಕಾಗಿ ಮಾಡಿದ ಕಿರುಪಟ್ಟಿಯಲ್ಲಿ ಈ ಪದವೂ ಇತ್ತು. ನಾವು ಇದನ್ನು ರಮ್ಯಾದ್ಭುತ ಕಾದಂಬರಿ ಎಂದು ಕರೆಯಬಹುದು. ನಮ್ಮ ಕಾಲೇಜುಗಳ ವಿದ್ಯಾರ್ಥಿನಿಯರೂ ವಿದ್ಯಾರ್ಥಿಗಳೂ ಇವನ್ನು ಓದುತ್ತಿದ್ದಾರೆ. ಅಧ್ಯಾಪಕರಾದ ನಮ್ಮಲ್ಲಿ ಹಲವರು ಮುಖಪುಟವನ್ನು ನೋಡಿಯೇ ಮುಖ ತಿರುಗಿಸುತ್ತೇವೆ. ಓದದೆ ತಿರಸ್ಕರಿಸುವುದು ವಿಮರ್ಶೆಯಾಗಲಾರದು. ಅದರಿಂದ ವಿದ್ಯಾರ್ಥಿಗೆ ಲಭಿಸುವುದು ತಾನು ಓದುವ ಪುಸ್ತಕವನ್ನು ಮೇಷ್ಟರ ಕಣ್ಣಿಗೆ ಬೀಳದಂತೆ ಇಡಬೇಕೆಂಬ ಜಾಣತನ ಮಾತ್ರ. ಆದ್ದರಿಂದ ಈ ಜಾತಿಯ ಅತ್ಯಂತ ಪ್ರಸಿದ್ಧ ಕೃತಿಗಳಲ್ಲಿ ಒಂದಾದ, ಅಮೆರಿಕದ ಲೇಖಕಿ ಸಾರಾ ಜೆ. ಮಾಸ್ ಬರೆದು ೨೦೧೫ರಲ್ಲಿ ಪ್ರಕಟವಾದ ‘ಎ ಕೋರ್ಟ್ ಆಫ್ ಥಾರ್ನ್ಸ್ ಅಂಡ್ ರೋಸಸ್’ ಎಂಬ ಕಾದಂಬರಿಯನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ‘ಮುಳ್ಳು ಗುಲಾಬಿಗಳ ಆಸ್ಥಾನ’ ಎಂದು ಅದರ ಹೆಸರಿನ ಅರ್ಥ.

ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸುವುದು ಒಳ್ಳೆಯದು. ಅದ್ಭುತವನ್ನು ಕಂಡು ಮೂಗು ಮುರಿಯುವ ಅಧಿಕಾರ ಕನ್ನಡಿಗರಿಗಂತೂ ಇಲ್ಲ. ನಾವು ‘ಕಾದಂಬರಿ’ ಎಂದು ಯಾವ ಸಾಹಿತ್ಯಪ್ರಕಾರವನ್ನು ಕರೆಯುತ್ತೇವೆಯೋ ಅದಕ್ಕೆ ಆ ಹೆಸರು ಬಂದಿರುವುದೇ ಒಂದು ರಮ್ಯಾದ್ಭುತ ಕಥೆಯಿಂದ. ಏಳನೆಯ ಶತಮಾನದಲ್ಲಿ, ಹರ್ಷವರ್ಧನನ ಆಶ್ರಯದಲ್ಲಿದ್ದ ಬಾಣಭಟ್ಟನು ಬರೆಯತೊಡಗಿದ ಗದ್ಯಕಾವ್ಯದ ನಾಯಿಕೆ ಕಾದಂಬರಿ. ಆಕೆ ಗಂಧರ್ವ ಕನ್ಯೆ. ನಮಗೂ ಮರಾಠಿಗರಿಗೂ ಅವಳ ಹೆಸರೇ ಒಂದು ಪ್ರಕಾರದ ಹೆಸರಾಗಿ ನಿಂತಿದೆ. ಅದೇ ಕಥೆಯನ್ನು ಸುಮಾರು ಒಂದು ಸಾವಿರ ವರ್ಷಗಳ ಹಿಂದೆ ನಾಗವರ್ಮನು ‘ಕರ್ಣಾಟಕ ಕಾದಂಬರಿ’ ಎಂಬ ಚಂಪುವಾಗಿ ಕನ್ನಡಕ್ಕೆ ತಂದನು. ಮುಂದೆ ನೇಮಿಚಂದ್ರನ ‘ಲೀಲಾವತಿ’ಯಲ್ಲಿ ರಾಜಕುಮಾರನೊಬ್ಬನು ಕನಸಿನಲ್ಲಿ ಕಂಡ ಕನ್ಯೆಯನ್ನು ಅರಸಿ ಮನೆ ಬಿಟ್ಟು ಹೊರಟನು. ಗಿಳಿ ಕಥೆ ಹೇಳುವುದನ್ನೂ, ಚಂದ್ರಮಂಡಲದಿಂದ ದಿವ್ಯಪುರುಷನು ಇಳಿದು ಬರುವುದನ್ನೂ ಪಾಠ ಹೇಳುವ ನಾವು, ಇಂಗ್ಲಿಷ್ ಪುಸ್ತಕದಲ್ಲಿ ತೋಳವೊಂದು ಮನುಷ್ಯನಾದ ಮಾತ್ರಕ್ಕೆ ನಗುವುದು ನ್ಯಾಯವಲ್ಲ. ಅದ್ಭುತವನ್ನು ಬಲ್ಲ ಪರಂಪರೆಯಿಂದ ಬಂದವರು ಕೇಳಬೇಕಾದ ಪ್ರಶ್ನೆ ಬೇರೆ: ಈ ಅದ್ಭುತವು ತನ್ನ ಕೆಲಸವನ್ನು ಮಾಡುತ್ತಿದೆಯೆ?

ಮಾಸ್ ಅವರ ಕಾದಂಬರಿ ಹುಟ್ಟಿಸುವ ಆಸೆ ಸಾಮಾನ್ಯವಾದುದಲ್ಲ. ಕಥೆ ಮೊದಲಾಗುವುದು ಚಳಿಗಾಲದ ಕಾಡಿನಲ್ಲಿ. ಫೇರ ಎಂಬ ಹತ್ತೊಂಬತ್ತು ವರ್ಷದ ಹುಡುಗಿ ಹಸಿವಿನಿಂದ ಕಂಗೆಟ್ಟು ಬೇಟೆಗೆ ಬಂದಿದ್ದಾಳೆ. ಒಂದು ಕಾಲದಲ್ಲಿ ಸಿರಿವಂತನಾಗಿದ್ದು ಈಗ ದಿವಾಳಿಯಾದ, ಕಾಲು ಊನವಾದ ತಂದೆ. ದುಡಿಮೆಗೆ ಬಗ್ಗದ ಇಬ್ಬರು ಅಕ್ಕಂದಿರು. ಇವರೆಲ್ಲರ ಹೊಟ್ಟೆ ತುಂಬಬೇಕಾದುದು ಅವಳ ಬಿಲ್ಲಿನಿಂದ. ಅವಳಿಗೆ ಓದು ಬರಹ ಬಾರದು. ಚಿತ್ರ ಬರೆಯುವ ಆಸೆಯುಂಟು, ಬಣ್ಣ ಕೊಳ್ಳಲು ಕಾಸಿಲ್ಲ. ಒಂದು ಜಿಂಕೆಯ ಹಿಂದೆ ಹೋದವಳು ಅಸಾಧಾರಣ ಗಾತ್ರದ ತೋಳವೊಂದನ್ನು ಕಾಣುತ್ತಾಳೆ. ಅದು ಬರಿಯ ತೋಳವಲ್ಲದಿರಬಹುದು, ಗಡಿಗೋಡೆಯ ಆಚೆಯ ಅಮಾನುಷ ಜನಾಂಗಕ್ಕೆ ಸೇರಿದ್ದಾಗಿರಬಹುದು ಎಂಬ ಶಂಕೆ ಅವಳಿಗೆ ಬರುತ್ತದೆ. ಶಂಕೆ ಬಂದೂ ಕೊಲ್ಲುತ್ತಾಳೆ. ಹಸಿವು, ಭಯ, ದ್ವೇಷ ಮೂರೂ ಆ ಒಂದು ಬಾಣದಲ್ಲಿ ಕೂಡಿವೆ. ಕೊಂದ ತಪ್ಪಿಗಾಗಿ ಮೃಗರೂಪಿಯೊಬ್ಬನು ಮನೆಯ ಬಾಗಿಲನ್ನು ಒಡೆದು ಬಂದು ಅವಳನ್ನು ಗೋಡೆಯ ಆಚೆಯ ಪ್ರಿಥಿಯನ್ ಎಂಬ ದೇಶಕ್ಕೆ ಒಯ್ಯುತ್ತಾನೆ. ಇಷ್ಟನ್ನು ಓದಿದ ವಾಚಕನು ನೆಟ್ಟಗೆ ಕೂತುಕೊಳ್ಳುತ್ತಾನೆ. ಇಲ್ಲಿ ಒಂದು ಕರ್ಮವಿದೆ, ಅದರ ಫಲವಿದೆ; ಕರ್ಮವು ನಾಯಿಕೆಯದೇ, ಬೇರೆ ಯಾರದೂ ಅಲ್ಲ.

ಈ ಕಥೆಯ ಅಡಿಯಲ್ಲಿರುವುದು ಯುರೋಪಿನ ಒಂದು ಹಳೆಯ ಕಥೆ: ಸುಂದರಿ ಮತ್ತು ಮೃಗದ ಕಥೆ. ಫ್ರೆಂಚ್ ಭಾಷೆಯಲ್ಲಿ ೧೭೪೦ರಲ್ಲಿ ಮದಾಂ ದ ವಿಲ್‌ನವ್ ಇದನ್ನು ದೀರ್ಘವಾಗಿ ಬರೆದಳು. ೧೭೫೬ರಲ್ಲಿ ಮದಾಂ ದ ಬೋಮೋನ್ ಅದನ್ನು ಸಂಗ್ರಹಿಸಿ ಮಕ್ಕಳ ಬಾಯಿಗೆ ಹತ್ತುವಂತೆ ಮಾಡಿದಳು. ಇನ್ನೂ ಹಿಂದೆ ಹೋದರೆ, ಎರಡನೆಯ ಶತಮಾನದ ಲ್ಯಾಟಿನ್ ಲೇಖಕ ಅಪುಲೇಯಸ್ ಹೇಳಿದ, ಗಂಡನ ಮುಖವನ್ನು ನೋಡಬಾರದೆಂಬ ಕಟ್ಟಿಗೆ ಒಳಗಾದ ಸೈಕಿಯ ಕಥೆಯೂ ಇದರ ನೆಂಟನೇ. ಹಳೆಯ ಕಥೆಯ ಜೀವಾಳ ಎರಡು ಸಂಗತಿಗಳಲ್ಲಿದೆ. ಒಂದು, ಮೃಗವು ನಿಜವಾಗಿ ಕುರೂಪಿ. ಅದರ ಮುಂದೆ ಕುಳಿತು ಊಟಮಾಡುವುದಕ್ಕೂ ಧೈರ್ಯ ಬೇಕು. ಎರಡು, ಅದು ನಿತ್ಯವೂ ರಾತ್ರಿ ತನ್ನನ್ನು ವರಿಸುವೆಯಾ ಎಂದು ಕೇಳುತ್ತದೆ, ಸುಂದರಿಯು ಇಲ್ಲವೆನ್ನುತ್ತಾಳೆ. ಅವಳ ‘ಇಲ್ಲ’ಕ್ಕೆ ಆ ಅರಮನೆಯಲ್ಲಿ ಬೆಲೆಯಿದೆ. ಕಣ್ಣಿಗೆ ಕಾಣುವುದನ್ನು ದಾಟಿ ನೋಡಲು ಅವಳು ಕಲಿಯಬೇಕು; ಕಲಿಯುವುದಕ್ಕೆ ಕಾಲ ಬೇಕು; ಕಲಿತದ್ದು ತಡವಾಗಿ, ಮೃಗವು ಸಾಯುವ ಹೊತ್ತಿಗೆ ಅವಳು ಓಡಿ ಬರುತ್ತಾಳೆ. ಮಕ್ಕಳ ಕಥೆಯಾದರೂ ಪರೀಕ್ಷೆ ಕಠಿನವಾದುದು.

ಹೊಸ ಕಾದಂಬರಿ ಮೊದಲು ಎಡವುವುದು ಇಲ್ಲಿಯೇ. ಫೇರ ಆ ಅರಮನೆಗೆ ಬಂದ ಮೊದಲ ದಿನವೇ ಮೃಗವು ರೂಪವನ್ನು ಬದಲಾಯಿಸಿ, ಹೊಂಗೂದಲಿನ, ಹಸುರು ಕಣ್ಣಿನ, ಎತ್ತರದ ತರುಣನಾಗಿ ಊಟಕ್ಕೆ ಕೂಡುತ್ತದೆ. ಅವನೇ ವಸಂತದ ಆಸ್ಥಾನದ ಒಡೆಯ ಟ್ಯಾಮ್ಲಿನ್. ಮುಖದ ಮೇಲೆ ತೆಗೆಯಲಾಗದ ಮುಖವಾಡವೊಂದಿದೆ, ನಿಜ. ಅದು ರತ್ನಗಳನ್ನು ಕೆತ್ತಿದ ಚಿನ್ನದ ಮುಖವಾಡ. ಆಭರಣವನ್ನು ಕುರೂಪವೆಂದು ಯಾರು ನಂಬಿಯಾರು? ಸುಂದರಿಯು ಕಲಿಯಬೇಕಾಗಿದ್ದ ಪಾಠವೇ ಇಲ್ಲವಾಯಿತು. ಅವಳ ಕಣ್ಣಿಗೆ ದಾಟುವ ಕೆಲಸವಿಲ್ಲ. ಚೆಲುವನನ್ನು ಕಂಡು ಚೆಲುವನೆಂದು ಅರಿಯುವುದಕ್ಕೆ ಮಾಯಾಲೋಕದವರೆಗೆ ಹೋಗಬೇಕಾದುದಿಲ್ಲ. ಕಾಡಿನಲ್ಲಿ ಹಸಿದಿದ್ದ ಹುಡುಗಿಗೆ ಈಗ ಉಪ್ಪರಿಗೆ, ಉದ್ಯಾನ, ಔತಣ, ಬಣ್ಣದ ಪೆಟ್ಟಿಗೆ ಎಲ್ಲವೂ ಬಂದುವು. ಮನೆಯವರ ಯೋಗಕ್ಷೇಮವನ್ನೂ ಟ್ಯಾಮ್ಲಿನ್ ನೋಡಿಕೊಂಡಿದ್ದಾನೆ. ಕಥೆಗೆ ಆಧಾರವಾಗಿದ್ದ ಅಭಾವವನ್ನು ಲೇಖಕಿ ಒಂದೊಂದಾಗಿ ತುಂಬಿ ಬಿಡುತ್ತಾರೆ. ತುಂಬಿದಷ್ಟೂ ಕಥೆ ಹಗುರವಾಗುತ್ತದೆ.

ಎರಡನೆಯ ನಿರಾಶೆ ಶಾಪಕ್ಕೆ ಸಂಬಂಧಿಸಿದ್ದು. ಟ್ಯಾಮ್ಲಿನ್ನನಿಗೆ ಅಮರಾಂತ ಎಂಬ ಕ್ರೂರ ರಾಣಿ ಶಾಪವಿತ್ತಿದ್ದಾಳೆ. ಏಳೇಳು ನಲವತ್ತೊಂಬತ್ತು ವರ್ಷಗಳೊಳಗೆ, ಅಮಾನುಷರನ್ನು ದ್ವೇಷಿಸುವ, ಅವನ ಕಡೆಯವನೊಬ್ಬನನ್ನು ಆ ದ್ವೇಷದಿಂದಲೇ ಕೊಂದ ಮಾನವ ಕನ್ಯೆ ಅವನ ಇದಿರಿಗೆ ನಿಂತು ತಾನು ಪ್ರೀತಿಸುವೆನೆಂದು ಬಾಯಿಬಿಟ್ಟು ಹೇಳಬೇಕು. ಶಾಪದ ಸಂಗತಿಯನ್ನು ಅವನು ಅವಳಿಗೆ ತಿಳಿಸಕೂಡದು. ಅದಕ್ಕಾಗಿ ಅವನು ತನ್ನವರನ್ನು ಮೃಗರೂಪದಲ್ಲಿ ಗೋಡೆಯ ಈಚೆಗೆ, ಸಾವಿನ ಬಾಯಿಗೆ, ಕಳಿಸುತ್ತಿದ್ದನಂತೆ. ಇವೆಲ್ಲವನ್ನೂ ಮೂರರಲ್ಲಿ ಎರಡು ಪಾಲು ಕಥೆ ಮುಗಿದಮೇಲೆ ಆಲಿಸ್ ಎಂಬ ಪರಿಚಾರಿಕೆ ಒಂದೇ ಕುಳಿತದಲ್ಲಿ ಹೇಳಿ ಮುಗಿಸುತ್ತಾಳೆ. ಕಥೆಯಲ್ಲಿ ನಡೆಯಬೇಕಾದುದು ವರದಿಯಲ್ಲಿ ನಡೆಯಿತು. ಅದಕ್ಕಿಂತ ಹೆಚ್ಚಿನ ನಷ್ಟವೆಂದರೆ, ಮೊದಲನೆಯ ಅಧ್ಯಾಯದ ಆ ಬಾಣವು ಅವಳ ಕೈಯಿಂದ ಜಾರಿತು. ಹಸಿದವಳೊಬ್ಬಳು ತನ್ನ ಹೊಣೆಯ ಮೇಲೆ ಮಾಡಿದ ಕೃತ್ಯವೆಂದು ನಾವು ನಂಬಿದ್ದುದು, ಇನ್ನೊಬ್ಬನು ಒಡ್ಡಿದ್ದ ಬಲೆಯ ಒಂದು ಎಳೆಯಾಗಿ ಉಳಿಯಿತು. ಕೊಲೆಗೆ ಪಶ್ಚಾತ್ತಾಪ ಬೇಕಾಗಿದ್ದ ಎಡೆಯಲ್ಲಿ, ಅದೇ ಕೊಲೆ ಮದುವೆಗೆ ಅರ್ಹತೆಯಾಗಿ ಪರಿಣಮಿಸಿತು.

ಆದರೂ ಪುಸ್ತಕವನ್ನು ಇಲ್ಲಿಗೇ ಮುಚ್ಚಲು ಮನಸ್ಸು ಬಾರದು; ಏಕೆಂದರೆ ಕೊನೆಯ ಭಾಗದಲ್ಲಿ ಕಥೆ ಮತ್ತೊಮ್ಮೆ ಎದ್ದು ನಿಲ್ಲುತ್ತದೆ. ಟ್ಯಾಮ್ಲಿನ್ನನನ್ನು ಬಿಡಿಸಲು ಫೇರ ಬೆಟ್ಟದಡಿಯ ಕತ್ತಲ ಆಸ್ಥಾನಕ್ಕೆ ಹೋಗಿ ಮೂರು ಪರೀಕ್ಷೆಗಳನ್ನು ಒಪ್ಪಿಕೊಳ್ಳುತ್ತಾಳೆ. ಎರಡನೆಯ ಪರೀಕ್ಷೆಯ ಕಲ್ಪನೆ ಬಹಳ ಸೊಗಸಾದುದು: ಗೋಡೆಯ ಮೇಲೆ ಒಗಟೊಂದು ಬರೆದಿದೆ, ಅದನ್ನು ಓದಿ ಸರಿಯಾದ ಹಿಡಿಯನ್ನು ಎಳೆಯಬೇಕು, ಇಲ್ಲವಾದರೆ ಕಾದ ಕಬ್ಬಿಣದ ಮುಳ್ಳುಗಳು ಮೇಲಿನಿಂದ ಇಳಿದು ಕೊಲ್ಲುತ್ತವೆ, ಅವಳಿಗೆ ಅಕ್ಷರ ಬಾರದು. ಅಕ್ಷರವನ್ನು ಕಲಿಸುವುದನ್ನೇ ಬಾಳುವೆಯಾಗಿ ಮಾಡಿಕೊಂಡವರ ಎದೆಯನ್ನು ಈ ಸನ್ನಿವೇಶ ಹಿಂಡದೆ ಬಿಡದು. ಆದರೆ ಏನಾಗುತ್ತದೆ? ರೀಸ್ಯಾಂಡ್ ಎಂಬ ಇನ್ನೊಬ್ಬ ಒಡೆಯನು ಮಂತ್ರದಿಂದ ಅವಳ ಅಂಗೈಯಲ್ಲಿ ಬರೆದಿದ್ದ ಕಣ್ಣಿನ ಗುರುತು, ತಪ್ಪು ಹಿಡಿಯ ಬಳಿಗೆ ಕೈ ಹೋದಾಗ ನೋವು ಕೊಟ್ಟು, ಸರಿಯಾದುದನ್ನು ತೋರಿಸಿಬಿಡುತ್ತದೆ. ಪರೀಕ್ಷಾಮಂದಿರದಲ್ಲಿ ಇಂಥದು ನಡೆದರೆ ನಾವು ಅದನ್ನು ಏನೆಂದು ಕರೆಯುತ್ತೇವೆಂಬುದನ್ನು ವಾಚಕರಿಗೆ ಹೇಳಬೇಕಾಗಿಲ್ಲ.

ಮೂರನೆಯ ಪರೀಕ್ಷೆ ಈ ಕೃತಿಯ ಶಿಖರ. ಮುಖ ಮುಚ್ಚಿದ ಮೂವರ ಎದೆಗೆ ಅವಳು ಕಠಾರಿಯನ್ನು ಇಕ್ಕಬೇಕು. ಮೊದಲ ಇಬ್ಬರು ನಿರಪರಾಧಿಗಳು. ಅವರನ್ನು ಅವಳು ಕೊಲ್ಲುತ್ತಾಳೆ. ಆ ಕೊಲೆಗೆ ಯಾವ ಸಮಾಧಾನವನ್ನೂ ಲೇಖಕಿ ಅಲ್ಲಿ ಒದಗಿಸುವುದಿಲ್ಲ. ಎರಡನೆಯ ಸಂಪುಟದ ಆದಿಯಲ್ಲಿಯೂ ಆ ರಕ್ತ ಅವಳ ನಿದ್ರೆಯನ್ನು ಕೆಡಿಸುತ್ತಿರುತ್ತದೆ. ಇದು ನಿಜವಾದ ಸಾಹಿತ್ಯದ ಮಾತು. ಮೂರನೆಯವನು ಸ್ವತಃ ಟ್ಯಾಮ್ಲಿನ್. ಆದರೆ ಅವನ ಹೃದಯ ಶಾಪದಿಂದ ಕಲ್ಲಾಗಿದೆ, ಕಠಾರಿ ನಾಟದು ಎಂದು ಅವಳು ಊಹಿಸುತ್ತಾಳೆ, ಊಹೆ ಫಲಿಸುತ್ತದೆ. ಬಳಿಕ ಅಮರಾಂತಳು ಸಿಟ್ಟಿನಿಂದ ಅವಳನ್ನು ಹಿಂಸಿಸುವಾಗ, ಮೊದಲೇ ಕೊಟ್ಟಿದ್ದ ಒಗಟಿಗೆ ‘ಪ್ರೀತಿ’ ಎಂಬ ಉತ್ತರವನ್ನು ಅವಳು ಉಸುರುತ್ತಾಳೆ. ಆ ಉತ್ತರ ವಾಚಕನಿಗೆ ಎಷ್ಟೋ ಮುಂಚೆ ತಿಳಿದುಹೋಗಿರುತ್ತದೆ. ಶಾಪ ಮುರಿಯುತ್ತದೆ, ಅವಳ ಕತ್ತೂ ಮುರಿಯುತ್ತದೆ. ಸತ್ತ ಅವಳಿಗೆ ಏಳು ಆಸ್ಥಾನಗಳ ಒಡೆಯರು ತಮ್ಮ ತಮ್ಮ ಶಕ್ತಿಯ ಒಂದೊಂದು ಕಿಡಿಯನ್ನು ಇತ್ತು ಬದುಕಿಸುತ್ತಾರೆ. ಬದುಕಿದವಳು ಮೊದಲಿನ ಮನುಷ್ಯಳಲ್ಲ; ದೀರ್ಘಾಯುವಾದ, ಬಲವೂ ಚೆಲುವೂ ಹೆಚ್ಚಿದ ಅಮಾನುಷಳು. ಸಾವು ಅವಳಿಗೆ ಬಡತಿಯಾಗಿ ಒದಗಿತು!

ಇಲ್ಲಿ ಸಹೃದಯರೊಬ್ಬರು ಎದ್ದು, ‘ಸ್ವಾಮಿ, ನಿಮ್ಮ ಬಾಣನ ಕಥೆಯಲ್ಲಿಯೂ ಸತ್ತವರು ಏಳುತ್ತಾರಲ್ಲವೆ? ಅಲ್ಲಿ ಒಪ್ಪಿದ್ದನ್ನು ಇಲ್ಲಿ ಏಕೆ ಒಪ್ಪಬಾರದು?’ ಎಂದು ಕೇಳಬಹುದು. ಈ ಆಕ್ಷೇಪಣೆ ಸಾಧುವಾದುದು. ಇದಕ್ಕೆ ಉತ್ತರ ಹೇಳದೆ ಮುಂದೆ ಹೋಗುವಂತಿಲ್ಲ. ‘ಕಾದಂಬರಿ’ಯಲ್ಲಿ ಪುಂಡರೀಕನು ಸಾಯುತ್ತಾನೆ, ಚಂದ್ರಾಪೀಡನು ಸಾಯುತ್ತಾನೆ, ಇಬ್ಬರೂ ಮರಳಿ ಬರುತ್ತಾರೆ. ಆದರೆ ಸಾವಿಗೂ ಮರಳುವಿಕೆಗೂ ನಡುವೆ ಏನಿದೆ ಎಂಬುದನ್ನು ನೋಡಬೇಕು. ಅಲ್ಲಿ ಅಚ್ಛೋದ ಸರೋವರವಿದೆ, ಅದರ ದಡದಲ್ಲಿ ಬಿಳಿಯ ಮೈಯ ಮಹಾಶ್ವೇತೆ ಇದ್ದಾಳೆ. ಪ್ರಿಯನು ಮತ್ತೆ ದೊರಕುವನೆಂದು ದಿವ್ಯವಾಣಿಯೊಂದು ಹೇಳಿತು; ಎಂದು ಎಂಬುದನ್ನು ಹೇಳಲಿಲ್ಲ. ಗಂಧರ್ವ ರಾಜಕುಮಾರಿ ನಾರುಮಡಿಯುಟ್ಟು, ವೀಣೆ ಹಿಡಿದು, ಶಿವನನ್ನು ಹಾಡುತ್ತಾ ಕಾಯುತ್ತಾಳೆ. ಅವಳ ದುಃಖ ತೀರದೆ ತಾನು ವರನನ್ನು ಒಲ್ಲೆನೆಂದು ಗೆಳತಿ ಕಾದಂಬರಿ ಹಟ ಹಿಡಿಯುತ್ತಾಳೆ. ಮುಂದೆ ಚಂದ್ರಾಪೀಡನ ಎದೆ ಒಡೆದಾಗ ಆ ಕಾದಂಬರಿಯೂ ಶವದ ಬಳಿ ಕುಳಿತು, ಅದು ಕೆಡದಂತೆ ದಿನದಿನವೂ ಉಪಚರಿಸುತ್ತಾ ಕಾಯಬೇಕಾಗುತ್ತದೆ. ಈ ಕಾಯುವಿಕೆಯನ್ನು ಕಥೆಯಿಂದ ತೆಗೆದುಹಾಕಿದರೆ ಅಲ್ಲಿ ಉಳಿಯುವುದೇನು? ಮರಳಿ ಬಂದವರನ್ನು ನಾವು ನಂಬುವುದು ಕಾದವರನ್ನು ಕಂಡಿರುವುದರಿಂದ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ನೋಡಬಹುದು. ಆ ಕಥೆಯಲ್ಲಿ ಶಾಪವು ಯಾರ ಮುಖವನ್ನೂ ನೋಡುವುದಿಲ್ಲ. ಮಂತ್ರಿಕುಮಾರ ವೈಶಂಪಾಯನನು ಸರೋವರದ ಬಳಿಗೆ ಬಂದು, ಏನೋ ಹಿಂದಿನ ನೆನಪು ಎಳೆದವನಂತೆ ಮಹಾಶ್ವೇತೆಯನ್ನು ಬೇಡುತ್ತಾನೆ. ಪುಂಡರೀಕನಲ್ಲಿ ಮನಸ್ಸಿಟ್ಟ ಆಕೆ, ಗಿಳಿಯಂತೆ ಹಲುಬುವ ನೀನು ಗಿಳಿಯಾಗೆಂದು ಶಪಿಸುತ್ತಾಳೆ. ಅವನು ಅಲ್ಲಿಯೇ ಬಿದ್ದು ಸಾಯುತ್ತಾನೆ. ಆ ವೈಶಂಪಾಯನನೇ ಅವಳ ಪುಂಡರೀಕ! ತನ್ನ ನಿಷ್ಠೆಯಿಂದಲೇ ಆಕೆ ತನ್ನ ಪ್ರಿಯನನ್ನು ಎರಡನೆಯ ಬಾರಿ ಕಳೆದುಕೊಂಡಳು. ಅದ್ಭುತದ ನಿಯಮಕ್ಕೆ ಕವಿ ಇಷ್ಟು ಕಟ್ಟುನಿಟ್ಟಾಗಿ ತಲೆಬಾಗಿದ್ದಾನೆ. ನಾಯಿಕೆಗೆಂದು ಒಂದೂ ಕೂದಲೆಳೆಯಷ್ಟು ರಿಯಾಯಿತಿಯನ್ನು ಕೊಟ್ಟಿಲ್ಲ. ಕಥೆ ಅಷ್ಟು ದೀರ್ಘವಾಗಿರಬೇಕೆಂದೇನೂ ಇಲ್ಲ. ಮಹಾಭಾರತದ ವನಪರ್ವದಲ್ಲಿ ಬರುವ ಸಾವಿತ್ರಿಯ ಉಪಾಖ್ಯಾನ ಚಿಕ್ಕದು. ಸತ್ಯವಾನನು ಮಲಗಿ ಏಳುವುದರೊಳಗೆ ಸತ್ತು ಬದುಕುತ್ತಾನೆ. ಆದರೆ ಒಂದು ವರ್ಷಕ್ಕೆ ಅವನ ಆಯುಸ್ಸು ತೀರುವುದೆಂದು ನಾರದನಿಂದ ಕೇಳಿಯೂ ಅವನನ್ನೇ ವರಿಸಿದವಳು, ಆ ಒಂದು ವರ್ಷದ ದಿನಗಳನ್ನು ಎಣಿಸುತ್ತಾ ಯಾರಿಗೂ ಹೇಳದೆ ಸಂಸಾರ ನಡಸಿದವಳು ಸಾವಿತ್ರಿ. ಬೆಲೆಯನ್ನು ಅವಳು ಮುಂಗಡವಾಗಿಯೇ ತೆತ್ತಿದ್ದಳು.

ಈಗ ಮಾಸ್ ಅವರ ಕಥಾಮಾಲೆಗೆ ಹಿಂದಿರುಗೋಣ. ೨೦೧೭ರಲ್ಲಿ ಬಂದ ಮೂರನೆಯ ಸಂಪುಟದ ಕೊನೆಯಲ್ಲಿ ರೀಸ್ಯಾಂಡನು ಲೋಕವನ್ನು ಉಳಿಸುವುದಕ್ಕಾಗಿ ತನ್ನ ಶಕ್ತಿಯೆಲ್ಲವನ್ನೂ ಧಾರೆಯೆರೆದು ಸಾಯುತ್ತಾನೆ. ಫೇರ ಗೋಳಿಡುತ್ತಾಳೆ. ಅಷ್ಟರಲ್ಲಿ ಒಡೆಯರೆಲ್ಲರೂ ಬಂದು, ಮೊದಲನೆಯ ಸಂಪುಟದಲ್ಲಿ ಮಾಡಿದಂತೆಯೇ, ಒಂದೊಂದು ಕಿಡಿಯನ್ನು ಕೊಡುತ್ತಾರೆ. ಅವನು ಕಣ್ಣು ತೆರೆಯುತ್ತಾನೆ. ಒಂದು ಸಲ ನಡೆದುದು ಪವಾಡವೆನಿಸಬಹುದು. ಎರಡನೆಯ ಸಲ ನಡೆದಾಗ ಅದು ವಾಡಿಕೆಯಾಗುತ್ತದೆ. ಇನ್ನು ಮುಂದೆ ಆ ಲೋಕದಲ್ಲಿ ಪ್ರಿಯರಾದವರು ಯಾರು ಸತ್ತರೂ ವಾಚಕನ ಕಣ್ಣಿನಲ್ಲಿ ನೀರು ಬರುವುದು ಕಷ್ಟ. ರಸಭಂಗಕ್ಕೆ ಅನೌಚಿತ್ಯದಂಥ ಕಾರಣ ಇನ್ನೊಂದಿಲ್ಲವೆಂದು ಒಂಬತ್ತನೆಯ ಶತಮಾನದಲ್ಲಿಯೇ ಆನಂದವರ್ಧನನು ತೀರ್ಮಾನಿಸಿದ್ದಾನೆ. ನಾವು ಔಚಿತ್ಯವೆಂದರೆ ಸಭ್ಯತೆಯೆಂದು ತಪ್ಪಾಗಿ ತಿಳಿದು, ಇಂಥ ಪುಸ್ತಕಗಳಲ್ಲಿ ಶೃಂಗಾರ ಹೆಚ್ಚಾಯಿತೆಂದು ಕೂಗಾಡುತ್ತೇವೆ. ಶೃಂಗಾರಕ್ಕೆ ಹೆದರುವವರು ನಮ್ಮ ಹಳಗನ್ನಡ ಕಾವ್ಯಗಳನ್ನೂ ಮುಚ್ಚಿಡಬೇಕಾದೀತು. ಇಲ್ಲಿಯ ಅನೌಚಿತ್ಯ ಬೇರೆ ಕಡೆಯಿದೆ: ಕಾದಂಬರಿಕಾರ್ತಿ ತಾನೇ ಹಾಕಿದ ಕಟ್ಟನ್ನು, ತನಗೆ ಬೇಕಾದವರ ಸಲುವಾಗಿ, ತಾನೇ ಸಡಿಲಿಸಿದ್ದಾರೆ.

ಈ ಸಡಿಲಿಕೆ ಮಾಯೆಯ ಮಟ್ಟಿಗೆ ನಿಂತಿದ್ದರೆ ಇಷ್ಟು ದೀರ್ಘವಾಗಿ ಬರೆಯುವ ಅಗತ್ಯವಿರುತ್ತಿರಲಿಲ್ಲ. ಅದು ಪ್ರೀತಿಯೊಳಕ್ಕೂ ಹರಿದಿದೆ. ಬೆಟ್ಟದಡಿಯ ಸೆರೆಯಲ್ಲಿ, ಕೈಮೂಳೆ ಮುರಿದು ಜ್ವರದಿಂದ ನರಳುವ ಫೇರಳ ಬಳಿಗೆ ರೀಸ್ಯಾಂಡ್ ಬಂದು, ತಿಂಗಳಿಗೆರಡು ವಾರ ತನ್ನಲ್ಲಿ ಇರುವುದಾಗಿ ಒಪ್ಪಿದರೆ ಗುಣಪಡಿಸುವೆನೆನ್ನುತ್ತಾನೆ. ಅವಳು ಒಪ್ಪದಿದ್ದಾಗ ಆ ಮುರಿದ ಮೂಳೆಯನ್ನೇ ಹಿಡಿದು ತಿರುಚುತ್ತಾನೆ. ಬಳಿಕ ರಾತ್ರಿ ರಾತ್ರಿಯೂ ಮೈಮರೆಸುವ ಮದ್ಯವನ್ನು ಕುಡಿಸಿ ಸಭೆಯಲ್ಲಿ ಕುಣಿಸುತ್ತಾನೆ. ೨೦೧೬ರ ಎರಡನೆಯ ಸಂಪುಟದಲ್ಲಿ ಇವನೇ ನಿಜವಾದ ನಾಯಕನೆಂದೂ, ವಿಧಿಯೇ ಹೆಣೆದ ಜೋಡಿ ಇವರಿಬ್ಬರದೆಂದೂ ತಿಳಿದುಬರುತ್ತದೆ. ಹಿಂದೆ ಮಾಡಿದ ಕ್ರೌರ್ಯವೆಲ್ಲ ಅಮರಾಂತಳ ಕಣ್ಣಿಗೆ ಮಣ್ಣೆರಚಿ ಅವಳನ್ನು ಕಾಪಾಡಲು ಹೂಡಿದ ಉಪಾಯವಾಗಿತ್ತಂತೆ. ಮೊದಲು ಪ್ರೀತಿಸಿದ ಟ್ಯಾಮ್ಲಿನ್ನನಾದರೋ ಅವಳನ್ನು ರಕ್ಷಣೆಯ ಹೆಸರಿನಲ್ಲಿ ಮನೆಯೊಳಗೆ ಕೂಡಿಹಾಕುವವನಾಗುತ್ತಾನೆ. ಒಬ್ಬನು ರಕ್ಷಣೆಗಾಗಿ ಕೂಡಿಹಾಕಿದರೆ ಅದು ದಬ್ಬಾಳಿಕೆ. ಇನ್ನೊಬ್ಬನು ರಕ್ಷಣೆಗಾಗಿ ಮೂಳೆ ತಿರುಚಿದರೆ ಅದು ಪ್ರೇಮ. ಈ ಎರಡು ತೂಕದ ಕಲ್ಲುಗಳನ್ನು ಒಂದೇ ಅಂಗಡಿಯಲ್ಲಿ ಕಂಡಾಗ ವಾಚಕನ ನಿರಾಶೆಗೆ ನೈತಿಕವಾದ ಒಂದು ಕಾರಣವೂ ಸೇರುತ್ತದೆ.

ಈ ಪುಸ್ತಕಗಳನ್ನು ಮೆಚ್ಚುವವರ ವಾದವನ್ನೂ ಕೇಳಬೇಕು. ತನ್ನನ್ನು ಕೂಡಿಹಾಕಿದ ಪುರುಷನನ್ನು ಬಿಟ್ಟು ಹೆಣ್ಣೊಬ್ಬಳು ಹೊರಬರುವ ಕಥೆಯಿದು. ಮೊದಲ ಪ್ರೀತಿಯೇ ಕೊನೆಯ ಪ್ರೀತಿಯಾಗಬೇಕೆಂಬ ಹಳೆಯ ಕಟ್ಟಳೆಯನ್ನು ಇದು ಮುರಿದಿದೆ ಎಂದು ಅವರು ಹೇಳುತ್ತಾರೆ. ಈ ಮಾತಿನಲ್ಲಿ ತಿರುಳಿದೆ. ಕೂಡಿಹಾಕಿದಾಗ ಫೇರಳಿಗೆ ಉಸಿರು ಕಟ್ಟುವ ಭಾಗವನ್ನು ಲೇಖಕಿ ಮನಮುಟ್ಟುವಂತೆ ಬರೆದಿದ್ದಾರೆ. ನಾಯಿಕೆಯರನ್ನು ತಾಳ್ಮೆಯ ಮೂರ್ತಿಗಳನ್ನಾಗಿಯೇ ಮಾಡಿದ ಕಥೆಗಳನ್ನು ಓದಿ ಬೇಸತ್ತ ತರುಣಿಯರಿಗೆ ಇದು ಗಾಳಿ ಬೀಸಿದಂತಾದರೆ ಆಶ್ಚರ್ಯವಿಲ್ಲ. ಮಹಾಶ್ವೇತೆಯಂತೆ ಕಾಯುವುದೇ ಹೆಣ್ಣಿನ ಧರ್ಮವೆಂದು ನಾನು ಹೇಳುತ್ತಲೂ ಇಲ್ಲ. ಕಾಯುವುದು ಒಂದು ಬೆಲೆ. ಬಿಟ್ಟುಹೋಗುವುದೂ ಅಷ್ಟೇ ದೊಡ್ಡ ಬೆಲೆಯಾಗಬಹುದು. ಆದರೆ ಬಿಟ್ಟುಹೋಗುವವಳಿಗೆ ಇನ್ನೊಂದು ಅರಮನೆ, ಇನ್ನೂ ಚೆಲುವನಾದ ಒಡೆಯ, ವಿಧಿಯ ಅಂಗೀಕಾರಮುದ್ರೆ ಎಲ್ಲವನ್ನೂ ಮೊದಲೇ ಸಿದ್ಧಪಡಿಸಿಟ್ಟರೆ, ಅವಳು ಆರಿಸಿಕೊಂಡಳೆಂದು ಹೇಗೆ ಹೇಳುವುದು? ಸ್ವಾತಂತ್ರ್ಯದ ಕಥೆಯೆಂದು ಮೊದಲಾದುದು ಹೀಗೆ ವಿಧಿಯ ಕಥೆಯಾಗಿ ಮುಗಿಯಿತು. ದಣಿದ ಮನಸ್ಸಿಗೆ ವಿಶ್ರಾಂತಿಗಾಗಿ ಓದುತ್ತೇವೆ, ಇಷ್ಟೆಲ್ಲ ಏಕೆ ಎನ್ನುವವರೂ ಇದ್ದಾರೆ. ವಿಶ್ರಾಂತಿಗಾಗಿ ಓದಿದ ಪುಸ್ತಕವೂ ಮನಸ್ಸಿನಲ್ಲಿ ನಿಲ್ಲುತ್ತದೆ. ಹತ್ತೊಂಬತ್ತರ ವಯಸ್ಸಿನಲ್ಲಂತೂ ಬಹಳ ಆಳವಾಗಿ ನಿಲ್ಲುತ್ತದೆ. ನೋಯಿಸಿದವನ ಮನಸ್ಸಿನಲ್ಲಿ ಒಳ್ಳೆಯ ಉದ್ದೇಶವಿದ್ದಿರಬೇಕೆಂದು ನಂಬಿಕೊಂಡು ಬಾಳುವುದು ಕಥೆಯ ಹೊರಗೆ ಎಷ್ಟು ಅಪಾಯವೆಂಬುದು ಎಲ್ಲರೂ ಬಲ್ಲ ಸಂಗತಿ.

ಹಾಗಾದರೆ ಅಧ್ಯಾಪಕರ ಕರ್ತವ್ಯವೇನು? ಇಂಥ ಪುಸ್ತಕಗಳನ್ನು ನಿಷೇಧಿಸುವುದಲ್ಲ. ಇವನ್ನು ಓದುವವರ ಅಭಿರುಚಿಯನ್ನು ಹಂಗಿಸುವುದೂ ಅಲ್ಲ. ಬಿ. ವೆಂಕಟಾಚಾರ್ಯರೂ ಗಳಗನಾಥರೂ ಕನ್ನಡದಲ್ಲಿ ಕಾದಂಬರಿಯ ವಾಚಕರನ್ನು ನಿರ್ಮಿಸಿದರು. ಕಥೆಯ ಕುತೂಹಲದಿಂದಲೇ ಅವರು ಆ ಕಾರ್ಯವನ್ನು ಸಾಧಿಸಿದರು. ಕುತೂಹಲವು ಓದಿನ ಮೊದಲ ಮೆಟ್ಟಲು. ಮೆಟ್ಟಲನ್ನು ಕಿತ್ತು ಹಾಕಿ ಉಪ್ಪರಿಗೆಗೆ ಬಾ ಎನ್ನುವುದು ವಿವೇಕವಲ್ಲ. ಐನೂರು ಪುಟಗಳ ಪುಸ್ತಕವನ್ನು ಎರಡು ರಾತ್ರಿಗಳಲ್ಲಿ ಓದಿ ಮುಗಿಸುವ ವಿದ್ಯಾರ್ಥಿ ನಮಗೆ ದೊರಕಿರುವುದು ಸುದೈವ. ಅವಳು ಪುಸ್ತಕವನ್ನು ಮುಚ್ಚಿ, ಏಕೋ ಮೊದಲು ಇದ್ದ ಹಾಗೆ ಕೊನೆಯಲ್ಲಿ ಇರಲಿಲ್ಲ ಎಂದರೆ, ಆ ಮಾತಿನಲ್ಲಿ ವಿಮರ್ಶೆಯ ಬೀಜವಿದೆ. ಯಾವ ಪುಟದಲ್ಲಿ ಹಾಗೆನಿಸಿತು ಎಂದು ನಾವು ಕೇಳಬೇಕು. ಮೃಗವು ಚೆಲುವನಾದ ಪುಟದಲ್ಲೋ, ಅಂಗೈ ಉತ್ತರ ಹೇಳಿಕೊಟ್ಟ ಪುಟದಲ್ಲೋ, ಮೂಳೆ ತಿರುಚಿದವನನ್ನು ಕ್ಷಮಿಸಿದ ಪುಟದಲ್ಲೋ? ಆ ಪುಟವನ್ನು ಅವಳೇ ಹುಡುಕಿ ತೋರಿಸಿದ ದಿನ, ಔಚಿತ್ಯವೆಂಬ ಪದವನ್ನು ನಾವು ಕಪ್ಪುಹಲಗೆಯ ಮೇಲೆ ಬರೆಯಬಹುದು. ಅದಕ್ಕೆ ಮುಂಚೆ ಬರೆದರೆ ಅದು ಪರೀಕ್ಷೆಗಾಗಿ ಉರುಹೊಡೆಯುವ ಪದವಾಗಿಯೇ ಉಳಿಯುತ್ತದೆ.

ವಾಚಕರ ನಿರಾಶೆಗೆ ನಮ್ಮ ಪರಂಪರೆಯಲ್ಲಿ ಎಷ್ಟು ಗೌರವವಿತ್ತೆಂಬುದಕ್ಕೆ ‘ಕಾದಂಬರಿ’ಯ ಚರಿತ್ರೆಯೇ ಸಾಕ್ಷಿ. ಬಾಣನು ಕಥೆಯನ್ನು ಮುಗಿಸದೆ ತೀರಿಕೊಂಡನು. ಉತ್ತರಭಾಗವನ್ನು ಬರೆದವನು ಅವನ ಮಗ. ಅವನನ್ನು ಭೂಷಣಭಟ್ಟನೆಂದೂ ಪುಲಿಂದನೆಂದೂ ಕರೆಯುತ್ತಾರೆ. ಕಥೆ ಮುರಿದುಹೋದುದಕ್ಕಾಗಿ ಸಜ್ಜನರು ಪಡುತ್ತಿದ್ದ ದುಃಖವನ್ನು ನೋಡಲಾರದೆ ತಾನು ಈ ಕಾರ್ಯಕ್ಕೆ ಕೈಹಾಕಿದೆನೇ ಹೊರತು ಕವಿಯೆಂಬ ಹೆಮ್ಮೆಯಿಂದಲ್ಲ ಎಂದು ಅವನು ಆರಂಭದಲ್ಲಿಯೇ ಹೇಳಿಕೊಂಡಿದ್ದಾನೆ. ತಂದೆಯ ಶೈಲಿ ಮಗನಿಗೆ ಪೂರ್ತಿಯಾಗಿ ಒಲಿಯಲಿಲ್ಲವೆಂದು ಪಂಡಿತರು ಹೇಳುವುದುಂಟು. ಇರಲಿ, ಓದುಗರ ಆಸೆಗೆ ತಾನು ಋಣಿಯೆಂದು ಅವನು ತಿಳಿದಿದ್ದನು. ಮಹಾಶ್ವೇತೆಯ ಕೈಯಿಂದಲೇ ಪುಂಡರೀಕನನ್ನು ಶಪಿಸಿದ ಆ ಕಠಿನ ಸನ್ನಿವೇಶವೂ ಉತ್ತರಭಾಗದ್ದೇ. ಓದುಗರ ದುಃಖವನ್ನು ನೀಗಲು ಹೊರಟವನು ಅದಕ್ಕಾಗಿ ಕಥೆಯನ್ನು ಮೃದುಮಾಡಲಿಲ್ಲ.

ಕನ್ನಡದಲ್ಲಿ ಇಂದು ಬರೆಯುತ್ತಿರುವ ತರುಣ ತರುಣಿಯರಲ್ಲಿ ಯಾರಾದರೂ ರಮ್ಯಾದ್ಭುತಕ್ಕೆ ಕೈಹಾಕಬೇಕೆಂದಿದ್ದರೆ ಹಾಕಲಿ, ಸಂಕೋಚಪಡಬೇಕಾದುದಿಲ್ಲ. ಅವರಿಗೆ ಹೊರಗಿನಿಂದ ಕಡ ತರಬೇಕಾದ ಸಾಮಗ್ರಿಯೂ ಹೆಚ್ಚಿಲ್ಲ. ಗಿಳಿ, ಸರೋವರ, ಶಾಪ, ಜನ್ಮಾಂತರ ಎಲ್ಲವೂ ಮನೆಯಲ್ಲಿವೆ. ಬರೆಯುವಾಗ ಅವರು ಸತ್ತವನನ್ನು ಬದುಕಿಸಬಹುದು, ಮೃಗವನ್ನು ಮನುಷ್ಯನನ್ನಾಗಿಸಬಹುದು, ಚಂದ್ರನನ್ನೇ ಭೂಮಿಗೆ ಇಳಿಸಬಹುದು. ಆದರೆ ಹಾಗೆ ಮಾಡುವ ಮುನ್ನ, ಅದಕ್ಕೆ ಯಾರು ಏನನ್ನು ತೆತ್ತರು ಎಂಬ ಲೆಕ್ಕವನ್ನು ಪುಸ್ತಕದಲ್ಲಿ ಎಲ್ಲಾದರೂ ಬರೆದಿಟ್ಟಿರಬೇಕು. ಫೇರ ಎಂಬ ಹಸಿದ ಹುಡುಗಿಯನ್ನು ಚಳಿಗಾಲದ ಕಾಡಿನಲ್ಲಿ ನಿಲ್ಲಿಸಿದ ಲೇಖಕಿಗೆ ಆ ಶಕ್ತಿ ಇತ್ತು. ಐದು ಸಂಪುಟಗಳಾಗಿ ಬೆಳೆದ ಕಥಾಮಾಲೆಯಲ್ಲಿ ನಾನು ಇಂದಿಗೂ ನೆನೆಯುವುದು ಆ ಮೊದಲ ಅಧ್ಯಾಯದ ಹಿಮವನ್ನು, ಬಿಲ್ಲಿನ ಮೇಲೆ ನಡುಗುತ್ತಿದ್ದ ಆ ಬೆರಳುಗಳನ್ನು.